ಒಂದು ವರ್ಷ ಸಾಕು

ಕಾರನ್ನು ಮೇಲಕ್ಕೆತ್ತಿದ್ದರು. ಗಾಜಿನ ಗೋಡೆಯ ಆಚೆ, ಎರಡು ಕಬ್ಬಿಣದ ತೋಳುಗಳ ಮೇಲೆ, ನಾಲ್ಕೂ ಚಕ್ರಗಳನ್ನು ಇಳಿಬಿಟ್ಟುಕೊಂಡು ಅದು ನಿಂತಿತ್ತು. ಮೂರು ವರ್ಷದಿಂದ ತಾನು ಕೂತು ಓಡಾಡಿದ ಕಾರಿಗೂ ಒಂದು ಹೊಟ್ಟೆ ಇದೆಯೆಂದು ಮೆತೋದಿಗೆ ಇವತ್ತೇ ಗೊತ್ತಾದದ್ದು. ಮೇಲೆ ಅಷ್ಟು ನುಣುಪಾದ ಬೆಳ್ಳಿಬಣ್ಣ. ಕೆಳಗೆ ನೋಡಿದರೆ ಒಣಗಿದ ಕೆಸರು, ಕೊಳವೆಗಳು, ಅಲ್ಲಲ್ಲಿ ಕಂದಿದ ಕಲೆಗಳು. ಮೆಕ್ಯಾನಿಕ್ ಒಬ್ಬ ತಲೆಯನ್ನು ಹಿಂದಕ್ಕೆ ವಾಲಿಸಿ ಅದರೊಳಗೆ ಟಾರ್ಚ್ ಬಿಟ್ಟು ನೋಡುತ್ತಿದ್ದ. ಬೆರಳ ಗೆಣ್ಣಿನಿಂದ ಅಲ್ಲೊಮ್ಮೆ ಇಲ್ಲೊಮ್ಮೆ ತಟ್ಟುತ್ತಿದ್ದ. ಮೊದಲು ತಟ್ಟಿದ ಜಾಗಕ್ಕೇ ಮತ್ತೆ ಬರುತ್ತಿದ್ದ. ನೋಡಬಾರದ್ದನ್ನು ನೋಡಿದ ಹಾಗಾಗಿ ಮೆತೋದಿ ಕಣ್ಣು ತಪ್ಪಿಸಿದ. ಬೇಸಿಗೆಯ ಕೊನೆಯಲ್ಲಿ, ಆಸ್ಪತ್ರೆಯ ಆ ಅರೆಗತ್ತಲೆಯ ಕೋಣೆಯಲ್ಲಿ, ಹೆಂಡತಿ ದೋನ್ಕಾ ಅಂಗಿ ಮೇಲೆ ಸರಿಸಿಕೊಂಡು ಮಲಗಿದ್ದಾಗ, ಒಬ್ಬ ಹೆಂಗಸು ತಣ್ಣನೆಯ ಅಂಟು ಸವರಿ ಯಂತ್ರದ ಹಿಡಿಯನ್ನು ಅವಳ ಹೊಟ್ಟೆಯ ಮೇಲೆ ಒತ್ತಿ ಒತ್ತಿ ಓಡಿಸುತ್ತಿದ್ದಾಗಲೂ ಅವನು ಹೀಗೆಯೇ ಮುಖ ತಿರುಗಿಸಿ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದ. ಕ್ಯಾಲೆಂಡರಿನಲ್ಲಿ ಒಂದು ಸರೋವರವಿತ್ತು, ಒಂದು ದೋಣಿಯಿತ್ತು. ಆ ಹಿಡಿಯೂ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುತ್ತಿತ್ತು. ದೋನ್ಕಾ ಮಾತ್ರ ಕಚಗುಳಿಯಾದವಳ ಹಾಗೆ ನಗುತ್ತಿದ್ದಳು.

‘ಏನೋ ಹಾಗೆ ನೋಡ್ತಿದ್ದೀಯ? ಬೀಳಲ್ಲ ಬಿಡು,’ ಎಂದಳು ಈಗ, ಪಕ್ಕದ ಕುರ್ಚಿಯಿಂದ. ಟೈರುಗಳ ಬಣ್ಣದ ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಮಗುಚುತ್ತಿದ್ದಳು. ‘ಬಿದ್ರೆ ಬೀಳ್ಲಿ, ಅವರೇ ಹೊಸದು ಕೊಡ್ತಾರೆ. ಇನ್ನೂ ವಾರಂಟಿ ಇದೆ.’

‘ಎಲ್ಲಿವರೆಗೆ ಇದೆ?’

‘ಈ ತಿಂಗಳು ಮುಗಿಯೋವರೆಗೆ. ಮನೇಲಿ ಮೂರು ಸಲ ಹೇಳಿದೀನಿ. ನಿನ್ನ ತಲೆ ಎಲ್ಲಿರುತ್ತೆ ಮಾರಾಯ ಇತ್ತೀಚೆಗೆ?’

ತನ್ನ ತಲೆ ಎಲ್ಲಿರುತ್ತದೆಂದು ಅವಳಿಗೆ ಹೇಳುವ ಹಾಗಿದ್ದರೆ ಈ ಹತ್ತಿಪ್ಪತ್ತು ದಿನ ಅವನು ಸ್ನಾನದ ಮನೆಯ ನಲ್ಲಿ ಬಿಟ್ಟುಕೊಂಡು ಅಳಬೇಕಾಗಿರಲಿಲ್ಲ. ಅವಳನ್ನು ನೇರವಾಗಿ ನೋಡದೆ ಓರೆಗಣ್ಣಿನಿಂದ ನೋಡುವುದನ್ನು ಅಭ್ಯಾಸ ಮಾಡಿಕೊಂಡಿದ್ದ. ಕೊರಳಿನ ಎಲುಬು ಎದ್ದು ಕಾಣುತ್ತಿತ್ತು. ಕೈಗಡಿಯಾರದ ಪಟ್ಟಿಗೆ ಅವಳೇ ಮೊಳೆ ಕಾಯಿಸಿ ಹೊಸದೊಂದು ತೂತು ಮಾಡಿಕೊಂಡಿದ್ದಳು. ಆದರೂ ಕೂತ ರೀತಿ ಹಳೆಯದೇ, ಕಾಲು ಅಗಲಿಸಿ, ಬೆನ್ನು ನೆಟ್ಟಗೆ ಮಾಡಿ, ಎದುರಿಗೆ ದೊಡ್ಡ ಗಾಜಿದೆ, ಅದರಾಚೆ ಇಡೀ ಪ್ಲೆವೆನ್ ಊರಿದೆ ಎನ್ನುವ ಹಾಗೆ. ಕರೆಂಟಿನ ತಂತಿ ಹಿಡಿದು ಓಡುವ ಈ ಊರಿನ ಟ್ರಾಲಿಬಸ್ಸನ್ನು ಓಡಿಸಿಯೇ ಅವಳು ವಯಸ್ಸು ಕಳೆದವಳು. ಮೆತೋದಿ ಊರಿನ ನಾಟಕ ಕಂಪನಿಯಲ್ಲಿ ಮಾತು ಎತ್ತಿಕೊಡುವ ಕೆಲಸದಲ್ಲಿದ್ದ. ರಂಗದ ಮುಂದಿನ ಗೂಡಿನಲ್ಲಿ ಕೂತು, ಮಾತು ಮರೆತ ನಟರಿಗೆ ಮುಂದಿನ ಸಾಲನ್ನು ಪಿಸುಗುಡುವುದು. ರಾತ್ರಿ ನಾಟಕ ಬಿಟ್ಟ ಮೇಲೆ ಕೊನೆಯ ಟ್ರಾಲಿ ಹಿಡಿದು, ಚಾಲಕಿಯ ಹಿಂದಿನ ಸೀಟಿನಲ್ಲಿ ಕೂತು, ಅವಳ ಬಿಳಿ ಕತ್ತನ್ನು ನೋಡುತ್ತ ಮನೆಗೆ ಹೋಗುತ್ತಿದ್ದ. ಒಂದು ಚಳಿಗಾಲವಿಡೀ ಹೀಗೆ ನಡೆದ ಮೇಲೆ ಅವಳೇ, ತಲೆ ತಿರುಗಿಸದೆ, ‘ನಿನ್ನ ಸ್ಟಾಪ್ ಹೋಗಿ ಎರಡು ಸ್ಟಾಪ್ ಆಯ್ತು ಕಣಯ್ಯ, ಇಳೀತೀಯೋ ಇಲ್ಲ ಮದುವೆ ಆಗ್ತೀಯೋ?’ ಎಂದಿದ್ದಳು. ಬಸ್ಸಿನಲ್ಲಿದ್ದ ಇಬ್ಬರು ಕುಡುಕರು ಚಪ್ಪಾಳೆ ತಟ್ಟಿದ್ದರು. ಅಂದಿನಿಂದ ಇಂದಿನವರೆಗೂ ಅವನು ಕೂತವನು, ಅವಳು ಓಡಿಸಿದವಳು. ಅವನೂ ಒಮ್ಮೆ ಡ್ರೈವಿಂಗ್ ಪರೀಕ್ಷೆಗೆ ಹೋಗಿದ್ದುಂಟು. ಮೊದಲ ತಿರುವಿನಲ್ಲೇ ಕಾರು ಫುಟ್‌ಪಾತ್ ಹತ್ತಿ ಹೂ ಮಾರುವವಳ ಬಕೆಟ್ ಉರುಳಿಸಿತ್ತು. ಪರೀಕ್ಷಕ ಕೆಳಗಿಳಿದು, ನೀರಲ್ಲಿ ನೆನೆದ ಒಂದು ಗುಲಾಬಿ ಎತ್ತಿ ಅವನ ಕೈಗೆ ಕೊಟ್ಟು, ‘ಮನೆಗೆ ನಡೆದುಕೊಂಡು ಹೋಗಿ ಸಾರ್, ಆರೋಗ್ಯಕ್ಕೂ ಒಳ್ಳೇದು,’ ಎಂದಿದ್ದ. ಮಕ್ಕಳಿಲ್ಲದ ಮನೆಯಲ್ಲಿ ಅದೊಂದು ಕಥೆ ಮಗುವಿನ ಹಾಗೆ ಬೆಳೆದಿತ್ತು. ಯಾರು ಮನೆಗೆ ಬಂದರೂ ದೋನ್ಕಾ ಅದನ್ನು ಕರೆದು ಮುಂದೆ ನಿಲ್ಲಿಸುತ್ತಿದ್ದಳು.

ಆವತ್ತು ಆಸ್ಪತ್ರೆಯಲ್ಲಿ ಡಾಕ್ಟರ್ ಸ್ತಾಂಚೆವ್ ಕೋಣೆಯ ಬಾಗಿಲಲ್ಲಿ ನಿಂತು ‘ಯಜಮಾನರು ಸ್ವಲ್ಪ ಹೀಗೆ ಬನ್ನಿ,’ ಎಂದಾಗ ದೋನ್ಕಾ ಒಳಗೆ ಶೂಸಿನ ಲೇಸು ಕಟ್ಟಿಕೊಳ್ಳುತ್ತಿದ್ದಳು. ಕರೆದದ್ದು ಅವನಿಗೆ ವಿಚಿತ್ರವೆನಿಸಲಿಲ್ಲ. ಕಾಯಿಲೆಯವರಿಗೆ ಒಂದು ಮಾತು, ಮನೆಯವರಿಗೆ ಇನ್ನೊಂದು ಮಾತು. ಇಲ್ಲಿ ನಡೆಯುವುದೇ ಹಾಗೆ. ಅಪ್ಪನಿಗೂ ಹಾಗೆಯೇ ಆಗಿತ್ತು. ಊರಿಗೆ ಊರೇ ಅಪ್ಪನಿಗೆ ಬೆನ್ನಿನ ವಾಯು ಎಂದು ಹೇಳಿ ನಂಬಿಸಿತ್ತು. ಅಂಚೆಯವನೂ ‘ಹಂದಿಕೊಬ್ಬು ಕಾಯಿಸಿ ತಿಕ್ಕಿ ಮಾವ, ಹೊರಟುಹೋಗುತ್ತೆ,’ ಎನ್ನುತ್ತಿದ್ದ. ಅಪ್ಪ ಸಾಯುವ ಹಿಂದಿನ ದಿನವೂ ದ್ರಾಕ್ಷಿ ಬಳ್ಳಿ ಸವರುವ ಕತ್ತರಿಯನ್ನು ಕೇಳಿ ತರಿಸಿಕೊಂಡು ಹಾಸಿಗೆಯ ಮೇಲೆ ಸಾಣೆ ಹಿಡಿಯುತ್ತ ಕೂತಿದ್ದ. ಯಾರೂ ಅದನ್ನು ತಪ್ಪೆನ್ನಲಿಲ್ಲ. ಮೆತೋದಿಯೇ ಆ ಸಾಣೆಕಲ್ಲಿಗೆ ನೀರು ಹನಿಸಿದ್ದ. ಆಸ್ಪತ್ರೆಯ ಕಾರಿಡಾರಿನ ಕೊನೆಯ ಕಿಟಕಿಯ ಹತ್ತಿರ ಡಾಕ್ಟರು ತಗ್ಗಿದ ದನಿಯಲ್ಲಿ, ಮೇದೋಜೀರಕದಲ್ಲಿ ಗಡ್ಡೆ, ಹರಡಿದೆ, ಕೈಹಾಕುವ ಹಾಗಿಲ್ಲ ಎಂದರು. ಈ ಚಳಿಗಾಲ ನೋಡಬಹುದು, ಬೇಸಿಗೆಯ ಮಾತು ತಾನು ಆಡಲಾರೆ ಎಂದರು. ‘ಅವರಿಗೆ ಹುಣ್ಣು ಅಂತ ಹೇಳಿದೀನಿ. ನೀವೂ ಅದನ್ನೇ ಹೇಳಿ. ಗೊತ್ತಾದ್ರೆ ಕುಗ್ಗಿಬಿಡ್ತಾರೆ, ಇರೋ ದಿನಾನೂ ಹಾಳು.’ ಮೆತೋದಿ ಚೀಲದಿಂದ ಮನೆಯಲ್ಲಿ ಭಟ್ಟಿ ಇಳಿಸಿದ ಪ್ಲಮ್ ಹಣ್ಣಿನ ರಕಿಯಾ ಬಾಟಲಿ ತೆಗೆದು ಡಾಕ್ಟರ ಕೋಟಿನ ಜೇಬಿಗೆ ಇಳಿಸಿದ. ‘ತುಂಬ ಉಪಕಾರವಾಯ್ತು ಡಾಕ್ಟ್ರೇ,’ ಎಂದ. ಹೌದು, ಹಾಗೇ ಅಂದದ್ದು. ಆಮೇಲೆ ಎಷ್ಟೋ ಸಲ ಆ ಮಾತು ನೆನಪಾಗಿ ಕಿವಿ ಕಾದು ಕೆಂಪಾಗಿದೆ. ಆದರೆ ಅದಕ್ಕಿಂತಲೂ ಹೇಸಿಗೆಯದೊಂದು ಉಂಟು. ಡಾಕ್ಟರು ಹೇಳಿ ಮುಗಿಸಿದ ಕ್ಷಣದಲ್ಲಿ, ಅಳು ಬರುವುದಕ್ಕೂ ಮುಂಚೆ, ದೋನ್ಕಾಳ ಮುಖ ಕಣ್ಣಿಗೆ ಬರುವುದಕ್ಕೂ ಮುಂಚೆ, ಅವನ ಮನಸ್ಸಿಗೆ ಬಂದ ಮೊದಲ ಯೋಚನೆ ಇದು: ಇನ್ನು ಸತ್ತವರ ಶನಿವಾರ ಸಮಾಧಿಗೆ ಎಡೆಯಿಡಲು ಅಪ್ಪನ ಊರಿನ ಸ್ಮಶಾನಕ್ಕೆ ನನ್ನನ್ನು ಯಾರು ಕರೆದುಕೊಂಡು ಹೋಗುತ್ತಾರೆ? ಬೇಯಿಸಿದ ಗೋಧಿ, ವೈನಿನ ಸೀಸೆ, ಮೇಣದಬತ್ತಿ ಎಲ್ಲ ಹಿಡಿದುಕೊಂಡು, ಬಸ್ಸಿಲ್ಲದ ಆ ಹಳ್ಳಿಗೆ ಹೇಗೆ ಹೋಗಲಿ? ಎರಡನೆಯ ಯೋಚನೆ ಅದರ ಬೆನ್ನಿಗೇ ಬಂತು. ಕರೆದುಕೊಂಡು ಹೋಗುವವಳು ಅಷ್ಟರಲ್ಲಿ ಅಲ್ಲಿಯೇ ಇರುತ್ತಾಳೆ.

‘ನಮಸ್ಕಾರ ಸಾರ್!’ ಎಂದು ಒಂದು ಕೈ ಅವನ ಮುಂದೆ ಚಾಚಿತು. ಕಾರು ಕಂಪನಿಯ ಟೀ ಶರ್ಟು ತೊಟ್ಟ, ಗಡ್ಡವನ್ನು ಅಚ್ಚುಕಟ್ಟಾಗಿ ಕತ್ತರಿಸಿಕೊಂಡ ಮೂವತ್ತೈದರ ಆಸುಪಾಸಿನ ಮನುಷ್ಯ. ಎದೆಯ ಮೇಲೆ ಕಾಲೋಯಾನ್ ಎಂಬ ಹೆಸರಿತ್ತು. ‘ಗಾಡಿ ಚೆನ್ನಾಗಿ ಇಟ್ಕೊಂಡಿದೀರ ಸಾರ್. ಕ್ಲಚ್ ನೋಡಿದ್ವಿ, ಹೊಸದರ ಹಾಗಿದೆ. ಬಹಳ ಮೆತ್ತಗೆ ಓಡಿಸ್ತೀರಿ ಅಂತ ಕಾಣುತ್ತೆ.’

ಮೆತೋದಿ ತಲೆಯಾಡಿಸಿದ. ಗಂಡಸರು ಕಾರಿನ ವಿಷಯ ಅವನ ಹತ್ತಿರ ಮಾತಾಡಲು ಬಂದಾಗಲೆಲ್ಲ ಅವನು ಹೀಗೆಯೇ, ಎಲ್ಲ ತಿಳಿದವನ ಹಾಗೆ ತಲೆಯಾಡಿಸುತ್ತಿದ್ದ. ತಿದ್ದಿ ಹೇಳುವ ಹೊತ್ತು ಯಾವಾಗಲೂ ಒಂದು ಗಳಿಗೆ ಮೊದಲೇ ದಾಟಿಹೋಗಿರುತ್ತಿತ್ತು.

‘ಇವನು ಮೆತ್ತಗೇ ಕೂತ್ಕೋತಾನೆ. ಓಡಿಸೋದು ನಾನು,’ ಎಂದಳು ದೋನ್ಕಾ.

ಕಾಲೋಯಾನ್ ಅವಳ ಕಡೆ ತಿರುಗಿ, ಕತ್ತು ಓರೆ ಮಾಡಿ ನೋಡಿದ. ‘ಅಯ್ಯೋ. ನೀವು ಏಳನೇ ನಂಬರ್ ಟ್ರಾಲಿ ಚಿಕ್ಕಮ್ಮ ಅಲ್ವಾ? ನಾನು ಅದರಲ್ಲೇ ಸ್ಕೂಲಿಗೆ ಹೋಗ್ತಿದ್ದೆ!’

‘ಟಿಕೆಟ್ ತಗೊಂಡು ಹೋಗ್ತಿದ್ಯಾ?’

‘ಅದು ಬೇರೆ ವಿಷಯ ಬಿಡಿ ಚಿಕ್ಕಮ್ಮ.’

‘ನೋಡು ಮತ್ತೆ. ಹಿಂದಿನ ಬಾಗಿಲಲ್ಲಿ ಹತ್ತಿ ಮುಂದಿನ ಬಾಗಿಲಲ್ಲಿ ಇಳೀತಿದ್ದ ಕಳ್ಳರ ಗುಂಪಿನೋನು. ಕನ್ನಡೀಲಿ ಎಲ್ಲಾ ಕಾಣ್ತಿತ್ತು ನಂಗೆ. ಬಾಯಿ ಬಿಡ್ತಿರ್ಲಿಲ್ಲ ಅಷ್ಟೇ.’

ಅವನು ಗಟ್ಟಿಯಾಗಿ ನಕ್ಕ. ಆಮೇಲೆ ಆತ್ಮೀಯತೆಯಿಂದಲೇ, ‘ಗುರುತೇ ಸಿಗ್ಲಿಲ್ಲ ನೋಡಿ, ಎಷ್ಟು ಸಣ್ಣ ಆಗಿದೀರಿ! ವಯಸ್ಸೇ ಇಳಿದುಹೋಗಿದೆ. ನಮ್ಮಮ್ಮ ನೋಡಿದ್ರೆ ಹೊಟ್ಟೆಕಿಚ್ಚು ಪಡ್ತಾರೆ,’ ಎಂದ.

‘ಡಾಕ್ಟರು ಎಣ್ಣೆ ಬೇಡ, ಕರಿದಿದ್ದು ಬೇಡ ಅಂದಿದಾರಪ್ಪ. ಹುಣ್ಣಂತೆ,’ ಎಂದು ದೋನ್ಕಾ ಟೈರಿನ ಪುಸ್ತಕ ಮುಚ್ಚಿದಳು. ಆ ಕೊನೆಯ ಮಾತು ಆಡುವಾಗ ಅವಳು ತನ್ನ ಕಡೆ ನೋಡಿದಳೋ ಇಲ್ಲವೋ ಮೆತೋದಿಗೆ ತಿಳಿಯಲಿಲ್ಲ. ಏಕೆಂದರೆ ಅವನು ಆಗ ತನ್ನ ಶೂಸಿನ ತುದಿ ನೋಡುತ್ತಿದ್ದ.

ಮೇಜಿನ ಆಚೆಬದಿ ಕೂತು ಕಾಲೋಯಾನ್ ಕೆಲಸದ ಮಾತಿಗೆ ಬಂದ. ಕಂಪನಿ ಕೊಟ್ಟ ವಾರಂಟಿ ಈ ತಿಂಗಳಿಗೆ ಮುಗಿಯುತ್ತದೆ. ಮುಗಿಯುವ ಮೊದಲೇ ಮುಂದುವರಿಸಿಕೊಂಡರೆ ಆಯಿತು, ಆಮೇಲೆ ಬಂದರೆ ಕಂಪ್ಯೂಟರೇ ತೆಗೆದುಕೊಳ್ಳುವುದಿಲ್ಲ. ಒಂದು ವರ್ಷಕ್ಕೂ ಮಾಡಿಸಬಹುದು, ಮೂರಕ್ಕೂ, ಐದಕ್ಕೂ. ಈಗಿನ ಕಾರುಗಳಲ್ಲಿ ಕಬ್ಬಿಣಕ್ಕಿಂತ ವೈರೇ ಹೆಚ್ಚು; ಗೇರ್‌ಬಾಕ್ಸ್ ಒಂದು ಕೈಕೊಟ್ಟರೆ ಸಾಕು, ಐದು ವರ್ಷದ ವಾರಂಟಿಯ ದುಡ್ಡು ಅದೊಂದರಲ್ಲೇ ಹುಟ್ಟುತ್ತದೆ. ಯಾವುದಕ್ಕೂ ಅವನು ಮೊದಲು ಮೆತೋದಿಯ ಮುಖವನ್ನೇ ನೋಡುತ್ತಿದ್ದ. ಓಡಿಸುವವಳು ಅವಳೆಂದು ಈಗಷ್ಟೇ ತಿಳಿದಿದ್ದರೂ ಅಭ್ಯಾಸ ಅವನ ಕಣ್ಣನ್ನು ಗಂಡಸಿನ ಕಡೆಗೇ ಎಳೆಯುತ್ತಿತ್ತು. ಡಾಕ್ಟರೂ ಹೀಗೇ ಅಲ್ಲವೇ ನೋಡಿದ್ದು, ಎನಿಸಿತು ಮೆತೋದಿಗೆ. ಹೊಟ್ಟೆ ಅವಳದು, ನೋವು ಅವಳದು, ಮಾತು ಮಾತ್ರ ನನ್ನ ಹತ್ತಿರ. ಜೀವಮಾನವೆಲ್ಲ ಬೇರೆಯವರ ಮಾತನ್ನು ಬಾಯಲ್ಲಿಟ್ಟುಕೊಂಡು, ಅವರಿಗೆ ಬೇಕಾದಾಗ ಎತ್ತಿಕೊಟ್ಟವನು ನಾನು. ಈಗ ಕೊಡಲೇಬಾರದ ಒಂದು ಮಾತನ್ನು ನನ್ನ ನಾಲಿಗೆಯ ಮೇಲೆ ಇಟ್ಟು ಹೋಗಿದ್ದಾರೆ.

‘ತೇಯೋ ಭಾಗಗಳು ವಾರಂಟೀಲಿ ಬರಲ್ಲ ಅಂತ ಬರ್ದಿದೀರಲ್ಲ,’ ದೋನ್ಕಾ ಕನ್ನಡಕ ಏರಿಸಿಕೊಂಡು ಹಾಳೆಯ ಮೇಲೆ ಬೆರಳಿಟ್ಟಳು. ‘ತೇಯದೇ ಇರೋದು ಕಾರಲ್ಲಿ ಏನಪ್ಪ ಇದೆ?’

‘ಮುಂದಗಡೆ ಕಂಪನಿ ಹೆಸರು ಇದೆಯಲ್ಲ ಚಿಕ್ಕಮ್ಮ, ಅದು ತೇಯಲ್ಲ.’

‘ಹುಷಾರಿದೀಯ. ಇದೇನಿದು, ಮೊದಲೇ ಇದ್ದ ದೋಷ?’

‘ಅದು... ವಾರಂಟಿ ಮಾಡಿಸೋ ದಿನವೇ ಗಾಡೀಲಿ ಏನಾದ್ರೂ ತೊಂದರೆ ಇದ್ದು, ಯಜಮಾನರಿಗೆ ಅದು ಗೊತ್ತಿದ್ದೂ ಹೇಳದೇ ಮುಚ್ಚಿಟ್ಟಿದ್ರೆ, ಆಮೇಲೆ ನಮಗೆ ಸಂಬಂಧ ಇಲ್ಲ ಅಂತ. ನಿಮಗಲ್ಲ ಬಿಡಿ ಅದು. ಗಾಡಿ ಹೊಡೆಸಿಕೊಂಡು ಬಂದು ಬಣ್ಣ ಬಳಿದು ತರ್ತಾರಲ್ಲ, ಅಂಥೋರಿಗೆ.’

ಮೆತೋದಿಯ ಬೆನ್ನಿನಲ್ಲಿ ಬೆವರು ಹನಿಯೊಡೆಯಿತು. ಹೊರಗೆ ಮೆಕ್ಯಾನಿಕ್ ಏನನ್ನೋ ಬಿಗಿಯುತ್ತಿದ್ದ ಸದ್ದು ಗಾಜಿನ ಮೂಲಕ ಬಂದು ಹಲ್ಲಿಗೆ ತಾಗುತ್ತಿತ್ತು. ಈ ಹತ್ತಿಪ್ಪತ್ತು ದಿನ ತಾನು ಎಷ್ಟು ಎಚ್ಚರದಿಂದಿದ್ದೆ ಎಂದು ನೆನೆದುಕೊಂಡ. ಆಸ್ಪತ್ರೆಯ ಚೀಟಿಗಳನ್ನು ಮನೆಯ ಹಳೆಯ ಕಪಾಟಿನಲ್ಲಿ, ನಾಟಕದ ಪುಸ್ತಕಗಳ ಹಿಂದೆ ಸೇರಿಸಿದ್ದ. ಪಕ್ಕದ ಮನೆಯವಳು ಮೆಟ್ಟಿಲ ಮೇಲೆ ಸಿಕ್ಕಿ ‘ಪಾಪ...’ ಎಂದು ಬಾಯಿ ತೆರೆದಾಗ ಕಣ್ಣಲ್ಲೇ ತಡೆದಿದ್ದ. ದೋನ್ಕಾ ಮುಂದಿನ ಮೇ ತಿಂಗಳು ಸಮುದ್ರಕ್ಕೆ ಹೋಗೋಣವೆಂದಾಗ, ಹೋಗೋಣ, ಅದಕ್ಕೇನಂತೆ, ಎಂದು ಅವಳಿಗಿಂತ ಉತ್ಸಾಹದಿಂದ ಭೂಪಟ ತೆಗೆದು ಹರಡಿದ್ದ. ಸುಳ್ಳೂ ಒಂದು ಪಾತ್ರವೇ. ಎಲ್ಲ ದೃಶ್ಯಗಳಿಗೂ ಮಾತು ಸಿದ್ಧ ಮಾಡಿಟ್ಟುಕೊಂಡಿದ್ದ.

‘ಸರಿ, ಐದು ವರ್ಷದ್ದೇ ಮಾಡಪ್ಪ. ಕಟ್ಟೋದು ಕಟ್ತೀವಿ, ಒಂದೇ ಸಲ ನೆಮ್ಮದಿ,’ ಎಂದಳು ದೋನ್ಕಾ.

‘ಒಂದು ವರ್ಷ ಸಾಕು.’

ಯಾರು ಆಡಿದ್ದು ಈ ಮಾತು ಎಂದು ಮೆತೋದಿ ಒಂದು ಕ್ಷಣ ನಿಜವಾಗಿಯೂ ಸುತ್ತ ನೋಡಿದ. ಅವನೇ. ಯೋಚಿಸಿ ಆಡಿದ್ದಲ್ಲ. ಅಂಗಡಿಯಲ್ಲಿ ಎರಡು ಬ್ರೆಡ್ಡು ಹಾಕಲು ಹೋದವನಿಗೆ ಒಂದು ಸಾಕಪ್ಪ ಎನ್ನುವ ಹಾಗೆ, ಕೈ ತಾನಾಗಿ ದೀಪದ ಗುಂಡಿ ಆರಿಸುವ ಹಾಗೆ, ಬಾಯಿಂದ ಜಾರಿ ಮೇಜಿನ ಮೇಲೆ ಬಿದ್ದಿತ್ತು. ಬಡತನದಲ್ಲಿ ಬೆಳೆದ ಮೈಯಲ್ಲಿ ಎಲ್ಲಿಯೋ ಒಬ್ಬ ಶೆಟ್ಟಿ ಕೂತಿದ್ದ. ಹೆಂಡತಿ ಸಾಯುತ್ತಿದ್ದಾಳೆ ಎಂಬುದು ಅವನಿಗೂ ಗೊತ್ತಿತ್ತು. ಅವನು ಅಳದೆ, ಮರೆಯದೆ, ತನ್ನ ಲೆಕ್ಕ ಮಾಡಿ ಮುಗಿಸಿದ್ದ.

ಕಾಲೋಯಾನನಿಗೆ ಗಂಡಹೆಂಡಿರ ಇಂಥ ಜಗಳಗಳು ದಿನಬೆಳಗಾದರೆ ಕಾಣುವಂಥವು. ‘ಮಂತ್ರಿಮಂಡಲದ ಸಭೆ ನಡೀಲಿ,’ ಎಂದು ಎದ್ದ. ‘ನಾನು ಕಾಫಿ ತರ್ತೀನಿ. ಚಿಕ್ಕಮ್ಮಂಗೆ ಸಕ್ಕರೆ?’

‘ಎರಡು,’ ಎಂದಳು ದೋನ್ಕಾ, ಮೆತೋದಿಯ ಮುಖದಿಂದ ಕಣ್ಣು ತೆಗೆಯದೆ.

ಅವನು ಹೋದ ಮೇಲೆ ಅವಳು ಕನ್ನಡಕ ತೆಗೆದು ಮಡಿಸಿದಳು. ‘ಯಾಕೆ ಒಂದು?’

‘ದುಡ್ಡು ದಂಡ ಅಂತ. ಮೂರು ವರ್ಷ ಏನೂ ಆಗಿಲ್ಲವಲ್ಲ. ಇವರದ್ದೆಲ್ಲ ಹೆದರಿಸಿ ಕೀಳೋ ವ್ಯಾಪಾರ. ಆಮೇಲೆ ಬೇಕಾದ್ರೆ...’

‘ಆಮೇಲೆ ಕಂಪ್ಯೂಟರು ತಗೊಳ್ಳಲ್ಲ ಅಂದ.’

‘ಹಾಗಲ್ಲ ದೋನ್ಕಾ. ಕಾರು ಮಾರಿದ್ರೂ ಮಾರಬಹುದು ನಾವು. ವಯಸ್ಸಾಯ್ತು, ಇನ್ನು ಎಷ್ಟು ದಿನ ಅಂತ ಓಡಿಸ್ತೀಯ? ಕಣ್ಣು, ಸೊಂಟ...’ ಒಂದೊಂದು ಮಾತೂ ಹಿಂದಿನದಕ್ಕಿಂತ ಕೆಟ್ಟದಾಗಿ ಬರುತ್ತಿದ್ದುದು ಅವನಿಗೇ ಕೇಳಿಸುತ್ತಿತ್ತು. ನಿಲ್ಲಿಸಲು ಆಗುತ್ತಿರಲಿಲ್ಲ. ರಂಗದ ಮೇಲೆ ಮಾತು ಮರೆತ ನಟ ನಿಲ್ಲುವುದಕ್ಕೆ ಹೆದರಿ ಬಾಯಿಗೆ ಬಂದದ್ದನ್ನೆಲ್ಲ ಒದರುತ್ತ ಹೋಗುವುದನ್ನು ಅವನು ಗೂಡಿನಿಂದ ಎಷ್ಟು ಸಲ ನೋಡಿದ್ದ! ಆಗೆಲ್ಲ ಸುಮ್ಮನಿರು ಮಾರಾಯ, ಉಸಿರೆಳೆದುಕೋ, ನಾನಿದ್ದೇನೆ, ಎಂದು ಕೆಳಗಿನಿಂದ ಕೈಸನ್ನೆ ಮಾಡುತ್ತಿದ್ದ. ಈಗ ಕೆಳಗೆ ಯಾರೂ ಇರಲಿಲ್ಲ.

‘ಮೆತೋದಿ,’ ಎಂದಳು ಅವಳು. ಬೈಗುಳವಿಲ್ಲ, ತಮಾಷೆಯಿಲ್ಲ. ‘ನೀನು ಬೆಂಕಿಪೊಟ್ಟಣ ಕೊಳ್ಳೋಕೆ ಹೋದ್ರೂ ಹತ್ತು ತರೋನು. ಮಂಚದ ಕೆಳಗೆ ಬಲ್ಬುಗಳಿವೆ, ನಾವಿಬ್ರೂ ಹೋದ ಮೇಲೂ ಉರಿಯುವಷ್ಟು. ಏನೂ ಸಿಗದ ಹಳೇ ಕಾಲದಲ್ಲಿ ಕ್ಯೂನಲ್ಲಿ ನಿಂತು ಕಲಿತಿದ್ದು, ಹೋಗಲ್ಲ ಅದು ನಿನ್ನ ಕೈಯಿಂದ. ಅಂಥೋನು ಹೋದ ವಾರ ಬಾಲ್ಕನೀಲಿ ನಾನು ಕೆಂಪು ದೊಣ್ಣೆಮೆಣಸು ಸುಡ್ತಾ ಕೂತಾಗ ಏನಂದೆ?’

ಏನಂದಿದ್ದ? ಅವನಿಗೆ ನೆನಪಾಯಿತು. ಇಡೀ ಬೀದಿಯ ಬಾಲ್ಕನಿಗಳಿಂದ ಸುಟ್ಟ ಮೆಣಸಿನ ಹೊಗೆ ಏಳುತ್ತಿತ್ತು. ಪ್ರತಿ ಮನೆಯಲ್ಲೂ ಚಳಿಗಾಲಕ್ಕೆ ಗಾಜಿನ ಡಬ್ಬಿಗಳನ್ನು ತುಂಬಿಸುವ ಗಡಿಬಿಡಿ. ದೋನ್ಕಾ ಮೋಟು ಕುರ್ಚಿಯ ಮೇಲೆ ಕೂತು, ಬಿಸಿ ಮೆಣಸಿನ ಸಿಪ್ಪೆಯನ್ನು ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತ ಸುಲಿಯುತ್ತಿದ್ದಳು. ನಡುನಡುವೆ ಹೊಟ್ಟೆಯ ಮೇಲೆ ಕೈಯಿಟ್ಟು ಸುಮ್ಮನೆ ಒಂದಷ್ಟು ಹೊತ್ತು ಕೂರುತ್ತಿದ್ದಳು. ಅವಳ ದಣಿವು ನೋಡಲಾರದೆ ಅಂದದ್ದು ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ನಿಜ, ದಣಿವೂ ಇತ್ತು. ಆದರೆ ಆಡಿದವನು ಆ ಶೆಟ್ಟಿಯೇ.

‘ಇಷ್ಟೊಂದು ಯಾಕೆ, ಅರ್ಧ ಸಾಕು, ಅಂದೆ,’ ಎಂದಳು ದೋನ್ಕಾ. ‘ಪ್ರತಿ ವರ್ಷ ಡಬ್ಬಿ ಸಾಲಲ್ಲ ಅಂತ ಬಾಟಲಿಗೂ ತುಂಬಿಸ್ತಿದ್ದೋನು. ಆವತ್ತು ನಾನು ಏನೂ ಕೇಳ್ಲಿಲ್ಲ. ಇವತ್ತು ಕೇಳ್ತೀನಿ. ನಿನ್ನ ಲೆಕ್ಕದಲ್ಲಿ, ಬರೋ ವಸಂತಕ್ಕೆ ನಮ್ಮನೇಲಿ ಊಟಕ್ಕೆ ಕೂರೋರು ಎಷ್ಟು ಜನ?’

ಯಾರಿಗೂ ಅವಸರವಿರಲಿಲ್ಲ. ಕಾಫಿ ಯಂತ್ರ ಮೂಲೆಯಲ್ಲಿ ಗೊರಗುಟ್ಟುತ್ತಿತ್ತು. ಟಿವಿಯಲ್ಲಿ ಸದ್ದಿಲ್ಲದೆ ಯಾರೋ ಅಡುಗೆ ಮಾಡುತ್ತಿದ್ದರು. ಇಬ್ಬರು ಎಂದು ಮೆತೋದಿ ಹೇಳಬೇಕಿತ್ತು. ಅದೊಂದೇ ಮಾತು. ಚಿಕ್ಕ ಮಕ್ಕಳೂ ಹೇಳಬಲ್ಲ ಮಾತು. ಅದನ್ನು ಹೇಳಲು ಅವನು ತಡಮಾಡಿದ ಆ ಹೊತ್ತು ಅಲ್ಲಿಯೇ ಮೇಜಿನ ಮೇಲೆ ಬೆಳೆಯುತ್ತ ಹೋಯಿತು. ಕೊನೆಗೆ ಅವಳೇ ಅದಕ್ಕೆ ತೆರೆ ಎಳೆದಳು. ಅಳಲಿಲ್ಲ. ಅವನು ನಿರೀಕ್ಷಿಸಿದ್ದ, ಹೆದರಿದ್ದ ಯಾವುದೂ ಆಗಲಿಲ್ಲ. ಡಾಕ್ಟರು ಹೇಳಿದ ಹಾಗೆ ಕುಗ್ಗಲೂ ಇಲ್ಲ. ಬರೀ ಅವನ ತೋಳಿನ ಮೇಲಿದ್ದ ಯಾವುದೋ ದಾರದ ಎಳೆಯನ್ನು ಎರಡು ಬೆರಳಲ್ಲಿ ಹೆಕ್ಕಿ ತೆಗೆದು, ಕೆಳಗೆ ಹಾಕಿದಳು.

‘ಹೇಳಬಹುದಿತ್ತಲ್ಲೋ,’ ಎಂದಳು. ‘ರಾತ್ರಿ ಹೊತ್ತು ನೀನು ನಿದ್ದೆ ಬಂದೋನ ಹಾಗೆ ಉಸಿರಾಡ್ತಾ ಮಲಗಿರ್ತೀಯ. ನಾನೂ ಹಾಗೇ ಮಲಗಿರ್ತೀನಿ. ಇಬ್ಬರೂ ಒಬ್ಬರಿಗೊಬ್ಬರು ನಾಟಕ. ಬರೀ ನೋವಾದ್ರೆ ತಡ್ಕೋಬಹುದು ಮೆತೋದಿ. ಒಬ್ಬಳೇ ಅದನ್ನ ಕಾಯ್ತಾ ಬಿದ್ದಿರೋದು ಬಹಳ ಕಷ್ಟ.’

ಕ್ಷಮಿಸು ಎನ್ನಬೇಕೆಂದುಕೊಂಡ. ನಿನ್ನ ಒಳ್ಳೆಯದಕ್ಕೇ ಎನ್ನಬೇಕೆಂದುಕೊಂಡ. ಅದು ನಿಜವಲ್ಲವೆಂದು ಈಗ ತಿಳಿಯುತ್ತಿತ್ತು. ಅವಳು ಕುಗ್ಗುವುದನ್ನು ತಾನು ನೋಡಬೇಕಾಗುತ್ತದಲ್ಲ ಎಂಬ ಭಯವೇ ಅವನ ಬಾಯಿ ಕಟ್ಟಿತ್ತು. ಅಪ್ಪನ ಸಾಣೆಕಲ್ಲಿಗೆ ನೀರು ಹನಿಸಿದ್ದೂ ಅಪ್ಪನಿಗಾಗಿ ಅಲ್ಲ. ಹಾಗೆ ಹನಿಸುತ್ತಿದ್ದರೆ ಅಪ್ಪನ ಕಣ್ಣನ್ನು ನೋಡಬೇಕಾಗಿರಲಿಲ್ಲ. ಎರಡೂ ಕೈಗಳನ್ನು ಮೊಣಕಾಲಿನ ಮಧ್ಯೆ ಸಿಕ್ಕಿಸಿಕೊಂಡು, ಬೈಸಿಕೊಂಡ ಹುಡುಗನ ಹಾಗೆ ಕೂತ. ಆಗ ಕಾಲೋಯಾನ್ ಮೂರು ಕಾಗದದ ಲೋಟಗಳನ್ನು ಒಟ್ಟಿಗೆ ಹಿಡಿದು, ಬೆರಳು ಸುಟ್ಟುಕೊಳ್ಳುತ್ತ ಬಂದ.

‘ಏನು ತೀರ್ಮಾನ ಆಯ್ತು? ಸರ್ಕಾರ ಬಿತ್ತಾ?’

‘ಇನ್ನೂ ಬಿದ್ದಿಲ್ಲ,’ ಎಂದಳು ದೋನ್ಕಾ. ‘ಐದು ವರ್ಷ ಬರಿ. ಇವನ ಹೆಸರಿಗೆ.’

‘ಗಾಡಿ ನಿಮ್ಮ ಹೆಸರಲ್ಲಿದೆ ಚಿಕ್ಕಮ್ಮ.’

‘ಅದನ್ನೂ ಬದಲಾಯಿಸೋಣ. ಯಾವ ಆಫೀಸಿಗೆ ಹೋಗ್ಬೇಕು ಅಂತ ಹೇಳು, ಸೋಮವಾರ ಹೋಗ್ತೀವಿ.’

‘ದೋನ್ಕಾ, ಬೇಡ,’ ಎಂದ ಮೆತೋದಿ. ಅವಳು ಕೇಳಿಸಿಕೊಳ್ಳಲಿಲ್ಲ.

‘ಹಾಗಾದ್ರೆ ಓಡಿಸೋರು ಅಂತ ಯಜಮಾನರ ಹೆಸರೇ ಹಾಕ್ಲಾ? ಲೈಸೆನ್ಸ್ ಕೊಡಿ ಸಾರ್.’

‘ಇವನ ಹತ್ರ ಇಲ್ಲ.’

ಕಾಲೋಯಾನ್ ತಲೆಯೆತ್ತಿದ. ‘ಮನೇಲಿ ಮರೆತು ಬಂದ್ರಾ?’

‘ಇಲ್ಲವೇ ಇಲ್ಲ. ಯಾವತ್ತೂ ಇರ್ಲಿಲ್ಲ. ಮಾಡಿಸ್ಕೋತಾನೆ.’

ಆ ಮನುಷ್ಯ ಮೊದಲು ಅವಳನ್ನು, ಆಮೇಲೆ ಅರವತ್ತು ದಾಟಿದ ಮೆತೋದಿಯ ಬೋಳುತಲೆಯನ್ನು ನೋಡಿ, ತಮಾಷೆಯೆಂದೇ ತಿಳಿದು ನಕ್ಕ. ‘ನಮ್ಮಜ್ಜನೂ ಹೀಗೇ, ಮುದುಕರಾದ ಮೇಲೆ ಕಲಿತ್ರು. ಊರಿನ ಕೋಳಿಗಳೆಲ್ಲ ಮರ ಹತ್ತಿ ಕೂತಿದ್ವು!’ ಎಂದ. ಯಾರೂ ನಗಲಿಲ್ಲ. ಅವನು ಕಂಪ್ಯೂಟರಿನ ಕಡೆ ತಿರುಗಿದ. ಮೆತೋದಿಯ ಮುಖಕ್ಕೆ ರಕ್ತ ನುಗ್ಗಿತು. ಇಂಥ ಹೊತ್ತಿನಲ್ಲೂ, ಎಲ್ಲ ಮುಗಿದುಹೋಗುತ್ತಿರುವ ಈ ಹೊತ್ತಿನಲ್ಲೂ, ಮೂವತ್ತೈದರ ಒಬ್ಬ ಗಡ್ಡದವನ ಮುಂದೆ ತನಗೆ ಕಾರು ಬಿಡಲು ಬರುವುದಿಲ್ಲವೆಂದು ಬಯಲಾದದ್ದಕ್ಕೆ ನಾಚಿಕೆಯಾಗುತ್ತಿದೆಯಲ್ಲ ಎಂದು ಅವನಿಗೆ ಮತ್ತೂ ನಾಚಿಕೆಯಾಯಿತು.

‘ಒಂದೇ ಒಂದು ವಿಷಯ ನೆನಪಿಟ್ಕೊಳ್ಳಿ ಸಾರ್,’ ಕಾಲೋಯಾನನ ದನಿಯಲ್ಲಿ ಈಗ ಮೊದಲಿನ ಸಲಿಗೆ ಇರಲಿಲ್ಲ. ಏನೋ ಇದೆಯೆಂದು ಅವನಿಗೂ ವಾಸನೆ ಹತ್ತಿದ ಹಾಗಿತ್ತು. ‘ವರ್ಷಕ್ಕೊಂದು ಸಲ, ಇದೇ ತಿಂಗಳು, ಇಲ್ಲಿಗೇ ಗಾಡಿ ತಂದು ಸರ್ವಿಸ್ ಮಾಡಿಸ್ಬೇಕು. ಒಂದು ವರ್ಷ ತಪ್ಪಿದ್ರೂ ಪೂರ್ತಿ ಐದು ವರ್ಷದ ವಾರಂಟಿ ಹೋದಹಾಗೆ. ಹುಷಾರಿಲ್ಲ, ಮರೆತೆ, ಯಾವುದೂ ನಡೆಯಲ್ಲ.’

‘ಕೇಳಿಸ್ತಾ?’ ಎಂದಳು ದೋನ್ಕಾ.

ಕೇಳಿಸಿತು. ಕೇಳಿಸಿದ್ದಷ್ಟೇ ಅಲ್ಲ, ಕಾಣಿಸಿತು. ಇದೇ ಗಾಜಿನ ಗೋಡೆ, ಇದೇ ಕುರ್ಚಿಗಳು, ಹೊರಗೆ ಇದೇ ಮೆಣಸು ಸುಡುವ ಹೊಗೆಯ ತಿಂಗಳು. ಪಕ್ಕದ ಕುರ್ಚಿಯ ಮೇಲೆ ತನ್ನ ಟೋಪಿ. ಮುಂದಿನ ವರ್ಷ. ಅದರ ಮುಂದಿನ ವರ್ಷ. ಐದು ವರ್ಷವೆಂದರೆ ಅವಳು ಬದುಕುತ್ತೇನೆಂದು ನಂಬಿ ಹೇಳಿದ ಲೆಕ್ಕ ಎಂದು ಇಷ್ಟು ಹೊತ್ತೂ ಅವನು ತಿಳಿದಿದ್ದ. ಆ ನಂಬಿಕೆಯನ್ನು ಮುರಿದೆನಲ್ಲ ಎಂದೇ ಬೆವೆತಿದ್ದ. ಆದರೆ ಅವಳು ಮೊದಲ ಸಲ ಐದು ಎಂದಾಗಲೂ ಅದು ಅವಳದ್ದಲ್ಲ. ಅದು ಇವನಿಗೆ ಬರೆದ ಐದು ವರ್ಷ. ಎಂದೋ ಕೂಡಿ ಕಳೆದು ಮುಗಿಸಿ, ಒಂದರ ಹಿಂದೊಂದು ಜೋಡಿಸಿ ಇಟ್ಟಿದ್ದಾಳೆ. ಇದರಿಂದ ಇಳಿಯುವ ಹಾಗಿಲ್ಲ.

ಸಹಿ ಹಾಕಿದ. ಪೆನ್ನು ಎರಡು ಸಲ ಬರೆಯಲಿಲ್ಲ, ಮೂರನೆಯ ಸಲ ಬರೆಯಿತು. ಕಾಲೋಯಾನ್ ಎದ್ದು ನಿಂತು, ಅಳೆದು ಸುರಿದು ಯಾರ ಕಡೆ ನೋಡುವುದೆಂದು ತಿಳಿಯದೆ ಇಬ್ಬರ ನಡುವಿನ ಗಾಳಿಗೆ, ಹೊಸದೇನನ್ನೇ ಕೊಂಡವರಿಗೂ ಇ‌ಲ್ಲಿ ಎಲ್ಲರೂ ಹೇಳುವ ಮಾತು ಹೇಳಿದ: ‘ಒಳ್ಳೇದಾಗ್ಲಿ. ಆರೋಗ್ಯವಾಗಿ ಓಡಿಸ್ಕೊಂಡಿರಿ.’

ಇಂಥದಕ್ಕೆ ಉತ್ತರ ಕೊಡುವುದು ಯಾವಾಗಲೂ ದೋನ್ಕಾಳ ಕೆಲಸ. ಹೊಸ ಕೋಟಿಗೆ, ಹೊಸ ಫ್ರಿಜ್ಜಿಗೆ, ಮೂರು ವರ್ಷದ ಹಿಂದೆ ಇದೇ ಕಾರಿಗೆ, ಅವಳೇ ‘ನಿಮ್ಮ ಬಾಯಿ ಹರಕೆ ಕಣಪ್ಪ,’ ಎಂದು ನಕ್ಕಿದ್ದಳು. ಈಗ ಅವಳು ಕಾಫಿಯ ಲೋಟವನ್ನು ತುಟಿಗೆ ಹಿಡಿದು, ಲೋಟದ ಅಂಚಿನ ಮೇಲಿಂದ ಅವನನ್ನೇ ನೋಡುತ್ತಿದ್ದಳು. ಕುಡಿಯುತ್ತಲೂ ಇರಲಿಲ್ಲ, ಲೋಟ ಇಳಿಸುತ್ತಲೂ ಇರಲಿಲ್ಲ. ಕಾಲೋಯಾನ್ ಕಾಯುತ್ತಿದ್ದ.

‘ಓಡಿಸ್ತೀನಿ,’ ಎಂದ ಮೆತೋದಿ.

ಹೊರಗೆ ಕಾರನ್ನು ಕೆಳಗಿಳಿಸಿ, ತೊಳೆದು, ಬಾಗಿಲ ಮುಂದೆ ನಿಲ್ಲಿಸಿದ್ದರು. ಮೆಕ್ಯಾನಿಕ್ ಕೀಲಿಯನ್ನು ತಂದು ಗಂಡಸಿನ ಕೈಗೇ ಕೊಟ್ಟ. ಅವನ ಜೇಬಿನಲ್ಲಿದ್ದು ಅದು ಬೆಚ್ಚಗಾಗಿತ್ತು. ಮೆತೋದಿ ಅದನ್ನು ಹಿಡಿದುಕೊಂಡು ಕಾರಿನವರೆಗೂ ನಡೆದ. ಅಲ್ಲಿ ದೋನ್ಕಾ ಕೈ ಚಾಚಿದಳು.

‘ಇವತ್ತಿಗೆ ಕೊಡು,’ ಎಂದಳು.

ಕೊಟ್ಟ. ಸುತ್ತಿ ಬಂದು ತನ್ನ ಜಾಗದಲ್ಲಿ ಕೂತ. ಇಷ್ಟು ವರ್ಷ ಅವಳು ಓಡಿಸುವಾಗ ಅವನು ನೋಡಿದ್ದು ಮರಗಳನ್ನು, ಅಂಗಡಿಗಳ ಬೋರ್ಡುಗಳನ್ನು, ಬಾಲ್ಕನಿಗಳಲ್ಲಿ ಒಣಹಾಕಿದ ಬಟ್ಟೆಗಳನ್ನು. ಕಾರು ತಾನಾಗಿ ಹೋಗುತ್ತದೆ ಎನ್ನುವ ಹಾಗೆ. ಈಗ ಅವಳ ಪಾದಗಳನ್ನು ನೋಡಿದ. ಎಡಗಾಲು ಕ್ಲಚ್ಚನ್ನು ಅದುಮಿ, ಅಷ್ಟಷ್ಟೇ ಬಿಡುತ್ತಿತ್ತು. ಬಿಡುವಾಗ ಹಿಮ್ಮಡಿ ಸಡಿಲವಾದ ಶೂಸಿನಿಂದ ಮೇಲೆದ್ದು ಮತ್ತೆ ಒಳಗಿಳಿಯುತ್ತಿತ್ತು. ಕಾಲುಚೀಲದ ಮೇಲೆ ಕಣಕಾಲು ಸಣ್ಣ ಹುಡುಗಿಯದರ ಹಾಗಿತ್ತು. ಬಲಗಾಲು ಒಂದು ಪೆಡಲಿನಿಂದ ಇನ್ನೊಂದಕ್ಕೆ ಹೋಗುವ ಸದ್ದು ಕೂಡ ಕೇಳಿಸುತ್ತಿರಲಿಲ್ಲ. ಯಾವಾಗ ಯಾವುದು, ಎಷ್ಟು, ಎಷ್ಟು ಹೊತ್ತು ಎಂದು ಒಂದನ್ನೂ ಬಿಡದೆ ಬಾಯಿಪಾಠ ಮಾಡುವವನ ಹಾಗೆ ಬಗ್ಗಿ ನೋಡತೊಡಗಿದ. ಗೇಟು ದಾಟಿತು. ರಸ್ತೆ ಸೇರುವ ಮೊದಲು ಅವಳು ಒಮ್ಮೆ ಬ್ರೇಕಿನ ಮೇಲೆ ಕಾಲಿಟ್ಟು, ಕಣ್ಣು ಮುಚ್ಚಿ, ನೋವೊಂದು ಹಾದುಹೋಗುವುದನ್ನು ಕಾದಳು. ಇವತ್ತು ಅದನ್ನು ಅವನಿಂದ ಮುಚ್ಚಿಡಲಿಲ್ಲ. ಅವನೂ ಕಣ್ಣು ತಪ್ಪಿಸಲಿಲ್ಲ. ಹಿಂದಿನಿಂದ ಯಾವುದೋ ಗಾಡಿ ಹಾರ್ನ್ ಹೊಡೆಯಿತು. ಅವಳು ಕಣ್ಣು ಬಿಟ್ಟಳು.

‘ತಲೆ ಎತ್ತು ಮಾರಾಯ,’ ಎಂದಳು, ಗೇರು ಹಾಕುತ್ತ. ‘ರಸ್ತೆ ನೋಡು. ಕಾಲು ನೋಡ್ಕೊಂಡು ಯಾರಾದ್ರೂ ಗಾಡಿ ಓಡಿಸ್ತಾರಾ?’